ಬೆಣ್ಣೆ ಮೂರು ಸಲ ಊಟ ಬಿಟ್ಟಾಗ: ಯಾವುದು ಕೈಹಿಡಿಯಿತು, ಯಾವುದು ಇಲ್ಲ

ನಮ್ಮ ಮೊಲ ಬೆಣ್ಣೆಗೆ ಈಗ 4 ವರ್ಷ, ತೂಕ 1.8 ಕೆಜಿ. ಕಳೆದ ಒಂದೂವರೆ ವರ್ಷದಲ್ಲಿ ಮೂರು ಸಲ ಊಟ ಬಿಟ್ಟಿದ್ದಾಳೆ. ಮೊದಲನೆಯದು ದೀಪಾವಳಿ ರಾತ್ರಿ, ಪಟಾಕಿ ಸದ್ದಿಗೆ. ಎರಡನೆಯದು ಏಪ್ರಿಲ್ ಸೆಕೆಯಲ್ಲಿ. ಮೂರನೆಯದು ಜನವರಿಯಲ್ಲಿ, ಅದಕ್ಕೆ ಕಾರಣ ಏನೆಂದು ಎರಡು ದಿನ ಗೊತ್ತೇ ಆಗಲಿಲ್ಲ. ಮೂರು ಸಲವೂ ಶುರುವಾಗಿದ್ದು ಒಂದೇ ಥರ. ಹಿಕ್ಕೆ ಸಣ್ಣದಾಯಿತು, ಕೂದಲಿನಲ್ಲಿ ಪೋಣಿಸಿದ ಮಣಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಬಂತು, ಆಮೇಲೆ ನಿಂತೇ ಹೋಯಿತು. ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಟಕಟ ಕಡಿಯುತ್ತಿದ್ದಳು. ಖುಷಿಯಾದಾಗಲೂ ಮೊಲ ಹಲ್ಲು ಉಜ್ಜುತ್ತದೆ, ಆದರೆ ಅದು ಮೆಲ್ಲಗೆ, ತಲೆ ಸವರುವ ಬೆರಳಿಗೆ ಮಾತ್ರ ತಿಳಿಯುವಷ್ಟು. ನೋವಿನ ಸದ್ದು ಕೋಣೆಯ ಆಚೆಗೂ ಕೇಳಿಸುತ್ತದೆ.

ಡಾಕ್ಟರು ಇದಕ್ಕೆ ಜಿಐ ಸ್ಟೇಸಿಸ್ ಎನ್ನುತ್ತಾರೆ. ಕರುಳಿನ ಓಟ ನಿಧಾನವಾಗುವುದು, ಕೆಲವೊಮ್ಮೆ ನಿಂತೇ ಬಿಡುವುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದೆಲ್ಲ ಮುಂದಕ್ಕೇ ಹೋಗಬೇಕು. ಓಟ ನಿಂತರೆ ಗ್ಯಾಸ್ ತುಂಬುತ್ತದೆ, ಗ್ಯಾಸಿಗೆ ಹೊಟ್ಟೆ ನೋಯುತ್ತದೆ, ನೋವಿಗೆ ಅದು ತಿನ್ನುವುದಿಲ್ಲ, ತಿನ್ನದೆ ಇದ್ದಷ್ಟೂ ಕರುಳು ಇನ್ನೂ ಸುಮ್ಮನಾಗುತ್ತದೆ. 10-12 ಗಂಟೆ ಏನೂ ತಿನ್ನದ ಮೊಲವನ್ನು ಬೆಳಿಗ್ಗೆವರೆಗೂ ನೋಡೋಣ ಎಂದು ಬಿಡಬಾರದು. ಇದು ನನಗೆ ಮೊದಲ ಸಲ ಗೊತ್ತಿರಲಿಲ್ಲ.

ಮೂರು ಸಲ ಮೂರು ರೀತಿ ನೋಡಿಕೊಂಡೆ. ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಉಪಯೋಗ ಆಗಬಹುದು ಅನ್ನಿಸಿತು.

ಮೊದಲು ಮನೆಮದ್ದು. ದೀಪಾವಳಿ ರಾತ್ರಿ ಒಂಬತ್ತರಿಂದ ಮರುದಿನ ಹನ್ನೊಂದರವರೆಗೆ ನಾನು ಮನೆಯಲ್ಲೇ ಒದ್ದಾಡಿದೆ. ಹೊಟ್ಟೆ ಮೆತ್ತಗೆ ನೀವಿದೆ. ಮಕ್ಕಳಿಗೆ ಗ್ಯಾಸಿಗೆ ಕೊಡುವ ಸಿಮೆಥಿಕೋನ್ ಹನಿ ಕೊಟ್ಟೆ. ಯಾರೋ ಹೇಳಿದರು ಎಂದು ಅನಾನಸ್ ರಸವನ್ನೂ ಹಾಕಿದೆ. ಅಮ್ಮ "ಓಮದ ನೀರು ಹಾಕೇ, ಕೂಸುಗಳಿಗೆ ಹಾಕಲ್ವಾ?" ಅಂದರು. ಇಷ್ಟು ಚಿಕ್ಕ ಜೀವಕ್ಕೆ ಎಷ್ಟು ಹಾಕಬೇಕು ಎಂದು ಹೆದರಿ ಅದನ್ನು ಕೊಡಲಿಲ್ಲ. ಇವುಗಳಲ್ಲಿ ನೀವಿದ್ದರಿಂದ ಅವಳಿಗೆ ಸ್ವಲ್ಪ ಹಿತವಾದಂತೆ ಕಂಡಿತು, ಆದರೆ ಹೊಟ್ಟೆ ಬಿಗಿಯಾಗಿದ್ದರೆ ಅದನ್ನೂ ಮಾಡಬಾರದು. ಸಿಮೆಥಿಕೋನ್‌ನಿಂದ ಹಾನಿ ಆಗಲಿಲ್ಲ, ಲಾಭ ಆಯಿತು ಎಂದೂ ಹೇಳಲಾರೆ. ಅನಾನಸ್ ರಸ ಮಾತ್ರ ಬೇಡವೇ ಬೇಡ. ಹೊಟ್ಟೆಯಲ್ಲಿ ಸೇರಿದ ಕೂದಲನ್ನು ಅದು ಕರಗಿಸುತ್ತದೆ ಎನ್ನುವುದು ಹಳೆಯ ನಂಬಿಕೆ, ಕೂದಲು ಅದಕ್ಕೆ ಕರಗುವ ವಸ್ತುವೇ ಅಲ್ಲ, ಮೇಲಾಗಿ ಕೂದಲು ಗಂಟುಕಟ್ಟುವುದು ಹೆಚ್ಚಾಗಿ ಕರುಳು ನಿಧಾನವಾದ ಮೇಲೆ. ರಸದಲ್ಲಿರುವ ಸಕ್ಕರೆಯಿಂದ ಗ್ಯಾಸ್ ಜಾಸ್ತಿಯಾಗುತ್ತದೆ ಅಷ್ಟೇ.

ಬೆಳಿಗ್ಗೆ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಓಡಿದೆ. ಅಲ್ಲಿ ನಾಯಿ, ಬೆಕ್ಕುಗಳನ್ನೇ ಹೆಚ್ಚು ನೋಡುತ್ತಾರೆ. ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟರು. ಮೊಲ ಸಾಕಿರುವ ಗೆಳತಿಗೆ ಫೋನ್ ಮಾಡಿದಾಗ ಅವಳು ಹೆಚ್ಚುಕಡಿಮೆ ಕಿರುಚಿದಳು: "ಬಾಯಿಗೆ ಹಾಕ್ಬೇಡ ಕಣೇ, ಅದನ್ನ ಕೊಡಲೇಬೇಡ!" ಈ ಮಾತನ್ನು ಎಲ್ಲರೂ ನೆನಪಿಡಬೇಕು. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿ ಮೊಲದ ಹೊಟ್ಟೆಗೆ ಬಾಯಿಯ ಮೂಲಕ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಟ್ಟವು ಬೆಳೆದು ವಿಷ ಉಗುಳುತ್ತವೆ, ಅದರಿಂದ ಮೊಲ ಸತ್ತೇ ಹೋಗಬಹುದು. ನಾಯಿಗೆ ಅದೇ ಸಿರಪ್‌ನಿಂದ ಸಾಮಾನ್ಯವಾಗಿ ಇಂಥ ಹಾನಿ ಆಗುವುದಿಲ್ಲ. ಅದಕ್ಕೇ ಮೊಲ, ಹಕ್ಕಿಗಳನ್ನು ನೋಡುವ ಡಾಕ್ಟರು ಯಾರಿದ್ದಾರೆ ಎಂದು ಆರೋಗ್ಯವಾಗಿದ್ದಾಗಲೇ ಹುಡುಕಿ ನಂಬರ್ ಇಟ್ಟುಕೊಳ್ಳಿ. ಬೆಂಗಳೂರಿನಂಥ ಊರಲ್ಲೂ ನನಗೆ ಅರ್ಧ ದಿನ ಹಿಡಿಯಿತು.

ಈಗ ಏಪ್ರಿಲ್ ಸಲದ್ದನ್ನು ಇದರ ಪಕ್ಕ ಇಡುತ್ತೇನೆ. ಬೆಳಿಗ್ಗೆ ಹುಲ್ಲು ಮುಟ್ಟಿಲ್ಲ ಎಂದು ನೋಡಿದ ಐದು ಗಂಟೆಯೊಳಗೆ ಸರಿಯಾದ ಡಾಕ್ಟರ ಮುಂದೆ ಇದ್ದೆವು. ಅವರು ಮೊದಲು ಮಾಡಿದ್ದು ಔಷಧಿ ಕೊಡುವುದನ್ನಲ್ಲ. ಹೊಟ್ಟೆ ಮುಟ್ಟಿ ನೋಡಿದರು, ಜ್ವರ ನೋಡಿದರು, ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದರು. ಸಕ್ಕರೆ 360ರ ಮೇಲೆ ಹೋಗಿದ್ದರೆ ಕರುಳಿನಲ್ಲಿ ಏನೋ ಅಡ್ಡ ಸಿಕ್ಕಿರಬಹುದು ಎಂಬ ಅನುಮಾನ ಬರುತ್ತದಂತೆ. ಅಡ್ಡ ಸಿಕ್ಕಿದ್ದರೆ ಬಲವಂತವಾಗಿ ತಿನ್ನಿಸುವುದೂ ಅಪಾಯ, ಕರುಳು ಓಡಿಸುವ ಔಷಧಿಯೂ ಅಪಾಯ. ಬೆಣ್ಣೆಯದ್ದು ಅಷ್ಟಿರಲಿಲ್ಲ. ಆಮೇಲೆ ನೋವಿನ ಇಂಜೆಕ್ಷನ್, ಚರ್ಮದ ಕೆಳಗೆ ಸಲೈನ್, ಕರುಳು ಓಡಿಸುವ ಮೆಟಾಕ್ಲೋಪ್ರಮೈಡ್. ಮನೆಗೆ ಬಂದ ಎರಡು ಗಂಟೆಗೆ ಒಂದು ಕೊತ್ತಂಬರಿ ಎಲೆ ತಿಂದಳು. ದೀಪಾವಳಿಯಲ್ಲಿ ಆ ಮೊದಲ ಎಲೆಗೆ 20 ಗಂಟೆ ಕಾದಿದ್ದೆ.

ಇಂಜೆಕ್ಷನ್ ಮೂರರಲ್ಲಿ ಯಾವುದು ಮುಖ್ಯ ಎಂದು ಕೇಳಿದರೆ ನಾನು ನೋವಿನದ್ದೇ ಎನ್ನುತ್ತೇನೆ. ನೋವು ಇಳಿಯದೆ ಬೇರೆ ಏನು ಮಾಡಿದರೂ ಅವಳು ಬಾಯಿ ತೆರೆಯಲಿಲ್ಲ, ಮೂರು ಸಲವೂ ಇದನ್ನೇ ಕಂಡೆ. ಮನೆಯಲ್ಲಿರುವ ನಮ್ಮ ಮಾತ್ರೆ ಪುಡಿ ಮಾಡಿ ಕೊಡಬೇಡಿ, ಔಷಧಿ ಎಷ್ಟು ಎನ್ನುವುದು ಡಾಕ್ಟರು ತೂಕ ನೋಡಿ ಹೇಳಬೇಕಾದದ್ದು.

ಇನ್ನೊಂದು, ಮೈ ಬಿಸಿ. ಮೊಲದ ಮೈ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಇರುತ್ತದೆ. ಜನವರಿಯಲ್ಲಿ ಬೆಣ್ಣೆಯ ಕಿವಿ ತಣ್ಣಗಾಗಿತ್ತು, ಡಾಕ್ಟರು ನೋಡಿದಾಗ 37.4. ಮೊದಲು ಬಿಸಿ ಮಾಡಿ, ಆಮೇಲೆ ತಿನ್ನಿಸಿ ಎಂದರು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕಿಟ್ಟೆ, ಬೇಡವಾದರೆ ಅವಳು ಸರಿದು ಹೋಗಲು ಜಾಗ ಬಿಟ್ಟು. ಏಪ್ರಿಲ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಆಗಿತ್ತು. ಆಗ ಒದ್ದೆ ಬಟ್ಟೆಯಲ್ಲಿ ಕಿವಿ ಒರೆಸಬೇಕಿತ್ತು, ನೆಲದ ಮೇಲೆ ಕಡಪ ಕಲ್ಲು ಹಾಕಬೇಕಿತ್ತು. ಮುಟ್ಟಿ ನೋಡದೆ ಯಾವುದನ್ನೂ ಮಾಡಬೇಡಿ.

ಈಗ ತಿನ್ನಿಸುವ ಮಾತು. ಇದರಲ್ಲೇ ನಾನು ಜಾಸ್ತಿ ಪ್ರಯೋಗ ಮಾಡಿದ್ದು.

ಮೂರು ಬಗೆ ನೋಡಿದ್ದೇನೆ. ಮೊದಲ ಸಲ ಬೇಯಿಸಿದ ಸಿಹಿಗುಂಬಳ, ನುಣ್ಣಗೆ ರುಬ್ಬಿದ್ದು. ಎರಡನೆಯ ಸಲ ಅವಳು ದಿನಾ ತಿನ್ನುವ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಸೋಸಿ ಮಾಡಿದ ಗಂಜಿ. ಮೂರನೆಯ ಸಲ ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಪುಡಿ. ಸಿಹಿಗುಂಬಳ ಅವಳಿಗೆ ಇಷ್ಟ, ಸಿರಿಂಜಿನಿಂದ ತಾನೇ ನೆಕ್ಕಿದಳು, ನೀರಿನ ಅಂಶವೂ ಹೋಯಿತು. ಆದರೆ ಕರುಳನ್ನು ತಳ್ಳುವ ಗಟ್ಟಿ ನಾರು ಅದರಲ್ಲಿಲ್ಲ. ಒಂದೆರಡು ಹೊತ್ತಿಗೆ ಸರಿ, ದಿನಗಟ್ಟಲೆ ಅದರ ಮೇಲೇ ಇಡಬಾರದು. ಪೆಲೆಟ್ ಗಂಜಿ ಅದಕ್ಕಿಂತ ಎಷ್ಟೋ ಮೇಲು, ಮನೆಯಲ್ಲೇ ಇರುತ್ತದೆ, ರಾತ್ರಿ ಎರಡು ಗಂಟೆಗೂ ಮಾಡಿಕೊಳ್ಳಬಹುದು. ತೊಂದರೆ ಏನೆಂದರೆ ಎಷ್ಟು ಸೋಸಿದರೂ ಸಿರಿಂಜಿನ ಮೂತಿಗೆ ಸಿಕ್ಕಿಕೊಳ್ಳುತ್ತದೆ. ಒತ್ತಿದರೆ ಒಮ್ಮೆಲೇ ಭುಸ್ಸೆಂದು ಬಾಯಿಗೆ ನುಗ್ಗುತ್ತದೆ, ಅವಳು ಕೆಮ್ಮಿದಾಗ ನನ್ನ ಎದೆ ಧಸಕ್ಕೆಂದಿತ್ತು. ಜಾಸ್ತಿ ಸೋಸಿದರೆ ಬೇಕಾದ ನಾರೇ ಹೊರಗೆ ಹೋಗುತ್ತದೆ.

ಕ್ರಿಟಿಕಲ್ ಕೇರ್‌ನಲ್ಲಿ ಮುಖ್ಯವಾಗಿ ತಿಮೋತಿ ಹುಲ್ಲಿನ ಪುಡಿಯೇ ಇರುತ್ತದೆ. ಒಂದು ಪಾಲು ಪುಡಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು ಹಾಕಿ ಕಲಸಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ, ಅಗಲ ಮೂತಿಯ ಸಿರಿಂಜಿನಲ್ಲಿ ಸಲೀಸಾಗಿ ಇಳಿಯುತ್ತದೆ. ಎರಡನೆಯ ದಿನವೇ ಹಿಕ್ಕೆ ಮತ್ತೆ ಗುಂಡಗೆ, ದೊಡ್ಡದಾಗಿ ಬಂತು. ಬೆಲೆ ಜಾಸ್ತಿ, ಹೊರದೇಶದಿಂದ ಬರುವುದು, ಬೇಕಾದಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೂ ಮೂರರಲ್ಲಿ ನನ್ನ ಆಯ್ಕೆ ಇದೇ. ಒಂದು ಪ್ಯಾಕೆಟ್ ಮೊದಲೇ ತಂದಿಡಿ. ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಪೆಲೆಟ್ ಗಂಜಿ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಹೋದ ಪೆಲೆಟ್ ಗಂಜಿ, ಮೂರು ದಿನ ತಡವಾಗಿ ಕೊರಿಯರ್‌ನಲ್ಲಿ ಬಂದ ದುಬಾರಿ ಪುಡಿಗಿಂತ ಒಳ್ಳೆಯದು.

ಎಷ್ಟು ಕೊಡಬೇಕು? ನಮ್ಮ ಡಾಕ್ಟರು ಹೇಳಿದ್ದು ಒಂದು ಹೊತ್ತಿಗೆ ಕೆಜಿಗೆ 10 ಎಂಎಲ್, ದಿನಕ್ಕೆ ಐದು ಹೊತ್ತು. ಬೆಣ್ಣೆಗೆ ಹೊತ್ತಿಗೆ 18 ಎಂಎಲ್ ಆಯಿತು. ಒಂದೇ ಸಲಕ್ಕೆ ಅಷ್ಟನ್ನೂ ತುರುಕಲಿಲ್ಲ, ಒಂದು ಎಂಎಲ್ ಬಾಯಿಗೆ, ಅಗಿಯಲು ಬಿಟ್ಟು, ನುಂಗಿದ ಮೇಲೆ ಮತ್ತೊಂದು. ಟವೆಲ್‌ನಲ್ಲಿ ಸುತ್ತಿ, ನಾಲ್ಕು ಕಾಲೂ ಕೆಳಗಿರುವಂತೆ ಕೂರಿಸಿ, ಮುಂದಿನ ಹಲ್ಲಿನ ಪಕ್ಕದಲ್ಲಿ ಹಲ್ಲಿಲ್ಲದ ಸಂದು ಇರುತ್ತದಲ್ಲ, ಅಲ್ಲಿಂದ ಸಿರಿಂಜ್ ತೂರಿಸಬೇಕು. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು, ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಹೊಟ್ಟೆ ಡೋಲಿನ ಹಾಗೆ ಬಿಗಿದುಕೊಂಡಿದ್ದರೆ ಮಾತ್ರ ಏನನ್ನೂ ತಿನ್ನಿಸದೆ ಸೀದಾ ಆಸ್ಪತ್ರೆ.

ಸಿರಿಂಜು ಬಿಟ್ಟು ತಾನೇ ತಿನ್ನುವಂತೆ ಮಾಡಲು ಸೊಪ್ಪುಗಳನ್ನೂ ಸಾಲಾಗಿ ಇಟ್ಟು ನೋಡಿದೆ. ಕೊತ್ತಂಬರಿ, ಪುದೀನ, ಸಬ್ಬಸಿಗೆ. ಮೂರು ಸಲವೂ ಮೊದಲು ಮೂತಿ ಚಾಚಿದ್ದು ಘಮ ಜಾಸ್ತಿ ಇರುವುದಕ್ಕೆ, ಅದರಲ್ಲೂ ಕೊತ್ತಂಬರಿಗೆ. ತೊಳೆದು, ನೀರು ಒದರದೆ ಹಾಗೇ ಕೊಟ್ಟರೆ ನೀರೂ ಹೊಟ್ಟೆಗೆ ಹೋಗುತ್ತದೆ. ಕ್ಯಾರೆಟ್, ಬಾಳೆಹಣ್ಣು ಬೇಡ, ಅವಳು ಆಸೆಯಿಂದ ನೋಡಿದರೂ ಬೇಡ.

ಆದರೆ ನನಗೆ ಅಚ್ಚರಿ ಆಗಿದ್ದು ಗರಿಕೆಯಿಂದ. ಜನವರಿಯಲ್ಲಿ ದುಬಾರಿ ತಿಮೋತಿ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಅಮ್ಮ ಸಂಕಷ್ಟಿಗೆ ಎಂದು ತಂದ ಗರಿಕೆಯಲ್ಲಿ ನಾಲ್ಕು ಎಳೆ ತೊಳೆದು ಮುಂದಿಟ್ಟರು, "ಗಣಪತಿಗೆ ಆಮೇಲೆ ಕೊಡ್ತೀನಿ, ಮೊದಲು ಇವಳು ತಿನ್ಲಿ" ಅಂತ. ತಿಂದಳು. ನಾನೂ ಅಮ್ಮನೂ ಅಡುಗೆಮನೆ ನೆಲದ ಮೇಲೆ ಕೂತು ಆ ಕರುಕುರು ಸದ್ದು ಕೇಳುತ್ತಾ ಅತ್ತೆವು.

ಅಲ್ಲಿಂದ ದಿನನಿತ್ಯದ ಹುಲ್ಲನ್ನೂ ಹೋಲಿಸಲು ಶುರು ಮಾಡಿದೆ, ಯಾಕೆಂದರೆ ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಇರಬೇಕು. ತಿಮೋತಿ ಚಳಿ ದೇಶದ ಹುಲ್ಲು, ನಾರು ಚೆನ್ನಾಗಿದೆ, ಗುಣಮಟ್ಟ ಪ್ರತಿ ಪ್ಯಾಕೆಟ್‌ಗೂ ಹೆಚ್ಚುಕಡಿಮೆ ಒಂದೇ, ಆದರೆ ತಿಂಗಳ ಖರ್ಚು ಭಾರ. ಹೂವಿನಂಗಡಿಯ ಗರಿಕೆ ತಾಜಾ ಇರುತ್ತದೆ, ಆದರೆ ಬರೀ ಎಳೆ ಕುಡಿ. ಎಲ್ಲಿಂದ ಕಿತ್ತಿದ್ದು, ಔಷಧಿ ಹೊಡೆದಿದ್ದಾರೋ ಇಲ್ಲವೋ ತಿಳಿಯುವುದಿಲ್ಲ, ಮೂರು ನೀರಲ್ಲಿ ತೊಳೆದರೂ ಮನಸ್ಸಿಗೆ ಸಮಾಧಾನ ಇಲ್ಲ. ಮಾಗಡಿ ಹತ್ತಿರ ಅತ್ತೆಯ ಹೊಲದ ಬದುವಿನಲ್ಲಿ ಬೆಳೆದ ಉದ್ದ ಗರಿಕೆ ಇದೆಯಲ್ಲ, ಅದು ಬೇರೆಯೇ. ನೆರಳಲ್ಲಿ ಮೂರು-ನಾಲ್ಕು ದಿನ ಹರಡಿ ಒಣಗಿಸಿದರೆ ಹಸಿರು ಹಾಗೇ ಉಳಿದು ಘಮ್ಮೆನ್ನುತ್ತದೆ. ಒಂದು ಸಲ ಅವಸರದಲ್ಲಿ ಹಸಿ ಇರುವಾಗಲೇ ಚೀಲಕ್ಕೆ ತುಂಬಿದ್ದಕ್ಕೆ ಒಳಗೆ ಬಿಸಿಯಾಗಿ ಬೂಷ್ಟು ಬಂತು, ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಿದೆ. ರಾಗಿ ಹುಲ್ಲನ್ನೂ ಇಟ್ಟೆ. ಎಲೆ ಭಾಗ ಒಂದಿಷ್ಟು ತಿಂದು, ದಂಟಿನ ಮೇಲೆ ಮಲಗಿದಳು.

ಈಗ ಬೆಳಿಗ್ಗೆ ಬದುವಿನ ಗರಿಕೆ, ರಾತ್ರಿ ತಿಮೋತಿ. ಎರಡನ್ನೂ ತಿನ್ನುತ್ತಾಳೆ. ಒಂದು ಕಡೆ ಸರಬರಾಜು ನಿಂತರೂ ಊಟ ಒಮ್ಮೆಲೇ ಬದಲಾಗುವುದಿಲ್ಲ, ಹಾಗೆ ಒಮ್ಮೆಲೇ ಬದಲಾದರೂ ಕರುಳು ಕೆಡುತ್ತದೆ.

ಅಂದಹಾಗೆ ಜನವರಿಯ ಕಾರಣ ದವಡೆ ಹಲ್ಲು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಸಮನಾಗಿ ಸವೆಯದೆ ಒಂದು ಚೂಪು ಎದ್ದು ನಾಲಿಗೆಗೆ ಚುಚ್ಚುತ್ತಿತ್ತು. ಹೊರಗಿನಿಂದ ಏನೂ ಕಾಣಲಿಲ್ಲ. ಬಾಯಿಯೊಳಗೆ ಬೆಳಕು ಬಿಡುವ ಸಾಧನ ಇಟ್ಟು ನೋಡಿದಾಗಲೇ ಗೊತ್ತಾಗಿದ್ದು. ಅರಿವಳಿಕೆ ಕೊಟ್ಟು ಅದನ್ನು ಉಜ್ಜಿದರು. ಎಷ್ಟು ಒಳ್ಳೆಯ ಪುಡಿ ತಿನ್ನಿಸಿದ್ದರೂ ಆ ಚೂಪು ಅಲ್ಲೇ ಇದ್ದಿದ್ದರೆ ಅವಳು ಮತ್ತೆ ಊಟ ಬಿಡುತ್ತಿದ್ದಳು. ಈಗ ನಾಲ್ಕು ತಿಂಗಳಿಗೊಮ್ಮೆ ಹಲ್ಲು ತೋರಿಸುತ್ತೇವೆ, ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯುತ್ತೇವೆ. ಕಳೆದ ವಾರ 1 ಕೆಜಿ 820 ಗ್ರಾಂ ಇತ್ತು.