ಲೈವ್ ಅಟ್ ಲೀಡ್ಸ್: ಒಂದೇ ಆಲ್ಬಮ್ ನಾಲ್ಕು ಸಲ ಕೊಂಡವನ ಅನುಭವ

ಹಳೇ ಎಲ್‌ಪಿ (ಸೂಜಿಯಿಟ್ಟು ನುಡಿಸುವ ದೊಡ್ಡ ರೆಕಾರ್ಡ್), 1995ರ ಸಿಡಿ, 2001ರ ಡಿಲಕ್ಸ್, 2010ರ ದೊಡ್ಡ ಪೆಟ್ಟಿಗೆ. ಒಂದೇ ಆಲ್ಬಮ್ ನನ್ನ ಹತ್ತಿರ ನಾಲ್ಕು ಥರ ಇದೆ. "ಎಲ್ಲದರಲ್ಲೂ ಅದೇ ಹಾಡು ಅಲ್ವಾ?" ಅಂತ ಮನೆಯಲ್ಲಿ ಕೇಳುತ್ತಾರೆ. ಹೌದು, ಅದೇ ಹಾಡು, ಅದೇ ರಾತ್ರಿ. 1970ರ ಫೆಬ್ರವರಿ 14, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್, ವೇದಿಕೆ ಮೇಲೆ ಬ್ರಿಟನ್ನಿನ ರಾಕ್ ಬ್ಯಾಂಡ್ ದ ಹೂ (The Who).

ಮೊದಲು ಬಂದ ಎಲ್‌ಪಿಯಲ್ಲಿ ಇರುವುದು ಆರೇ ಹಾಡು. ಅದರಲ್ಲೂ ಮೂರು ಬೇರೆಯವರ ಹಾಡು. ಕಂದು ಬಣ್ಣದ ಸಾದಾ ಕವರ್, ಮೇಲೊಂದು ರಬ್ಬರ್ ಸ್ಟಾಂಪಿನ ಗುರುತು. ಕದ್ದು ಮಾಡಿದ ಬೂಟ್‌ಲೆಗ್ ಥರ ಕಾಣಲಿ ಅಂತಲೇ ಹಾಗೆ ಮಾಡಿದ್ದು. ಮೊದಲ ಸಲ ಹಾಕಿದಾಗ ನಡುನಡುವೆ ಚಟಪಟ ಕೇಳಿಸಿತು. ಸೂಜಿಗೆ ಧೂಳು ಹತ್ತಿದೆ ಅಂದುಕೊಂಡು ಎರಡು ಸಲ ಒರೆಸಿದೆ. ಆಮೇಲೆ ಲೇಬಲ್ ಓದಿದೆ. ಚಟಪಟ ಸದ್ದು ಇರಲಿ, ಸರಿಮಾಡಬೇಡಿ ಅಂತ ಕೈಬರಹದಲ್ಲಿ ಅದರ ಮೇಲೇ ಬರೆದಿದೆ!

ಕೊಳ್ಳುವಾಗ ಮಾತ್ರ ಮೋಸ ಹೋದೆ. ಮೊದಲ ಮುದ್ರಣದ ಜೊತೆ 12 ಕಾಗದ ಬರುತ್ತಿದ್ದವು: ಪೋಸ್ಟರ್, ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ನುಡಿಸುವ ಒಪ್ಪಂದದ ನಕಲು, ಹೀಗೆ. "ಎಲ್ಲಾ ಇದೆ" ಅಂತ ಹೇಳಿ ಮಾರಿದವರಿಂದ ನನಗೆ ಬಂದದ್ದು ಏಳು. ಹಳೇ ಎಲ್‌ಪಿ ತಗೊಳ್ಳುವವರು ಕಾಗದಗಳನ್ನು ಎಣಿಸಿಯೇ ದುಡ್ಡು ಕೊಡಿ.

1995ರ ಸಿಡಿಯಲ್ಲಿ ಹಾಡುಗಳು ಆರರಿಂದ 14ಕ್ಕೆ ಏರಿದವು. ಚಟಪಟವನ್ನೂ ತೆಗೆದಿದ್ದಾರೆ. ಒಂದು ತಿಂಗಳು ಬೇರೆ ಏನೂ ಕೇಳಲಿಲ್ಲ. ಹಾಡುಗಳ ಮಧ್ಯೆ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಮಾತಾಡುವುದು ಸಖತ್ ತಮಾಷೆಯಾಗಿದೆ. ಆದರೆ ತಮಾಷೆ ಮಾತಿಗೆ ಆಯಸ್ಸು ಕಡಿಮೆ. ಮೂವತ್ತನೇ ಸಲ ಅದೇ ಮಾತು ಬಂದಾಗ ಕೈ ತಾನಾಗಿಯೇ ಮುಂದಿನ ಹಾಡಿನ ಬಟನ್‌ಗೆ ಹೋಗುತ್ತದೆ.

2001ರದ್ದು ಎರಡು ಸಿಡಿ. ಹಾಡುಗಳಲ್ಲೇ ಒಂದು ಕಥೆ ಹೇಳುವ ಅವರ ರಾಕ್ ಆಪೆರಾ ಟಾಮಿ ಪೂರ್ತಿ ಎರಡನೇ ಸಿಡಿಯಲ್ಲಿದೆ. ಆದರೆ ಆ ರಾತ್ರಿ ಅದನ್ನು ನುಡಿಸಿದ್ದು ಕಾರ್ಯಕ್ರಮದ ಮಧ್ಯದಲ್ಲಿ. ನಡೆದ ಹಾಗೇ ಕೇಳಬೇಕು ಅನ್ನುವ ಹಟಕ್ಕೆ ಬಿದ್ದು ಕಂಪ್ಯೂಟರಿನಲ್ಲಿ ಹಾಡುಗಳ ಸಾಲು ಬದಲಿಸಿದೆ. ಎಂಪಿ3 ಮಾಡಿದ್ದೇ ತಪ್ಪಾಯಿತು. ಹಾಡು ಹಾಡಿನ ನಡುವೆ ಚಪ್ಪಾಳೆ ಒಂದು ಕ್ಷಣ ಫಕ್ ಅಂತ ನಿಂತು ಮತ್ತೆ ಶುರುವಾಗುತ್ತಿತ್ತು. ಸ್ಟುಡಿಯೋ ಆಲ್ಬಮ್‌ನಲ್ಲಿ ಗೊತ್ತೇ ಆಗದ ದೋಷ ಲೈವ್‌ನಲ್ಲಿ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ. ಎಲ್ಲವನ್ನೂ ಮತ್ತೆ ಫ್ಲ್ಯಾಕ್ (ಸದ್ದಿನಲ್ಲಿ ಏನನ್ನೂ ಬಿಡದ ಫೈಲ್) ಮಾಡಿ, ಬಿಡುವಿಲ್ಲದೆ ನುಡಿಸುವ ಪ್ಲೇಯರ್ ಹಾಕಿಕೊಂಡ ಮೇಲೆ ಸರಿಹೋಯಿತು. ಇಷ್ಟೆಲ್ಲಾ ಮಾಡಿ ಪೂರ್ತಿ ಕೇಳಿದ್ದು ಎಷ್ಟು ಸಲ? ನಾಲ್ಕೋ ಐದೋ.

2010ರ ಪೆಟ್ಟಿಗೆಯಲ್ಲಿ ಮರುದಿನ ಇಂಗ್ಲೆಂಡಿನದ್ದೇ ಹಲ್ ಊರಿನಲ್ಲಿ ನಡೆದ ಕಾರ್ಯಕ್ರಮವೂ ಇದೆ. ಅಲ್ಲಿ ಮೊದಲ ಕೆಲವು ಹಾಡುಗಳಲ್ಲಿ ಬೇಸ್ ಗಿಟಾರ್ ರೆಕಾರ್ಡ್ ಆಗಿರಲಿಲ್ಲ. ಲೀಡ್ಸ್‌ನ ಬೇಸ್ ತಂದು ಕೂರಿಸಿದ್ದಾರೆ. ನನ್ನ ಕಿವಿಗಂತೂ ಬೆಸುಗೆ ಎಲ್ಲಿದೆ ಅಂತ ಸಿಗಲಿಲ್ಲ. ಒಳ್ಳೆ ಕೆಲಸ. ಆದರೂ ಪೆಟ್ಟಿಗೆ ಹೆಚ್ಚಾಗಿ ಕಪಾಟಿನಲ್ಲೇ ಇರುತ್ತದೆ.

ದೊಡ್ಡ ಸೆಟ್ ಕಪಾಟಿಗೇ ಅಂತ ಎಲ್ಲಾ ಬ್ಯಾಂಡಿಗೂ ಹೇಳಲಾರೆ. ಡೀಪ್ ಪರ್ಪಲ್ ಬ್ಯಾಂಡಿನ ಲೈವ್ ಆಲ್ಬಮ್ ಮೇಡ್ ಇನ್ ಜಪಾನ್ ತಗೊಳ್ಳಿ. 1972ರ ಆಗಸ್ಟ್‌ನಲ್ಲಿ ಒಸಾಕಾದ ಎರಡು, ಟೋಕಿಯೋದ ಒಂದು ರಾತ್ರಿಯಿಂದ ಏಳು ಹಾಡು ಆರಿಸಿ ಮಾಡಿದ್ದು. ಆಮೇಲೆ ಬಂದ ದೊಡ್ಡ ಸೆಟ್‌ಗಳು ನನಗೆ ಜಾಸ್ತಿ ಅನ್ನಿಸಲೇ ಇಲ್ಲ. ಒಂದೇ ಹಾಡಿನಲ್ಲಿ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಒಂದೊಂದು ರಾತ್ರಿ ಒಂದೊಂದು ದಾರಿ ಹಿಡಿಯುತ್ತಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳು ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಲು ಮೈಕ್ ಹಿಡಿದು ಊರೂರು ಸುತ್ತಿದ್ದೂ ಅದಕ್ಕೇ. 1984ರಲ್ಲಿ ಬ್ಯಾಂಡೇ ಅವರಿಗೆ ರೆಕಾರ್ಡ್ ಮಾಡಲು ಬೇರೆ ಜಾಗ ಮಾಡಿಕೊಟ್ಟಿತು.

ಲೀಡ್ಸ್‌ಗೆ ಬಂದರೆ, ಹೊಸಬರು 1995ರ ಸಿಡಿ ಕೊಳ್ಳಿ, ಸಾಕು. ನಾನು ಮಾತ್ರ ಇವತ್ತಿಗೂ ಜಾಸ್ತಿ ಹಾಕುವುದು ಆರು ಹಾಡಿನ ಎಲ್‌ಪಿಯನ್ನೇ. ನಲವತ್ತು ನಿಮಿಷದೊಳಗೆ ಮುಗಿದುಬಿಡುತ್ತದೆ. ಇನ್ನೂ ಬೇಕಿತ್ತು ಅನ್ನಿಸುವಾಗಲೇ ಸೂಜಿ ಎದ್ದಿರುತ್ತದೆ, ನಾನು ಮತ್ತೆ ಮೊದಲ ಬದಿಗೆ ತಿರುಗಿಸುತ್ತೇನೆ. ಉಳಿದ ಐದು ಕಾಗದಕ್ಕಾಗಿ ಹುಡುಕಾಟ ಇನ್ನೂ ನಡೆದಿದೆ.