ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿ: ಸ್ಟಾಕ್ ಚೆನ್ನಾಗಿದೆ, ಜೋಡಿಸಿರೋದು ಸರಿಯಿಲ್ಲ

ಬೆಲೆ ಪರವಾಗಿಲ್ಲ. ಎಷ್ಟು ಹೊತ್ತು ನಿಂತು ಓದಿದರೂ ಯಾರೂ ಏನೂ ಅನ್ನುವುದಿಲ್ಲ. ನನ್ನ ತಕರಾರು ಒಂದೇ. ಆನ್ ಫ್ರಾಂಕ್ ಡೈರಿಯನ್ನು ‘ಯುದ್ಧ’ ಅನ್ನುವ ಶೆಲ್ಫಿನಲ್ಲಿ, ಟ್ಯಾಂಕು, ಜನರಲ್‌ಗಳ ಪುಸ್ತಕಗಳ ನಡುವೆ ತುರುಕಿದ್ದಾರೆ. ಕೆಳಗಿನ ಸಾಲಿನಲ್ಲಿ ಹಿಟ್ಲರನ ಆತ್ಮಕಥೆ ಬೇರೆ!

ನಾನು ಚಾಮರಾಜಪೇಟೆಯ ಪ್ರೆಸ್ಸೊಂದಕ್ಕೆ ಪ್ರೂಫ್ ನೋಡುವವಳು. ತಿದ್ದಿ ಬರೆದದ್ದು ಕಣ್ಣಿಗೆ ಬೀಳುತ್ತದೆ. ಆನ್ ತನ್ನ ಡೈರಿಯನ್ನು ಲೇಖಕಿಯ ಹಾಗೇ ತಿದ್ದಿದ್ದಾಳೆ. ಜನರ ಡೈರಿ, ಪತ್ರಗಳನ್ನು ಯುದ್ಧ ಮುಗಿದ ಮೇಲೆ ಸಂಗ್ರಹಿಸಬೇಕು ಅಂತ 1944ರ ಮಾರ್ಚಿನಲ್ಲಿ ಡಚ್ ಮಂತ್ರಿಯೊಬ್ಬರು ಲಂಡನ್ನಿನಿಂದ ರೇಡಿಯೊದಲ್ಲಿ ಹೇಳಿದರು. ನಾಜಿಗಳ ಕೈಗೆ ಸಿಗದಂತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿದ್ದ ಈ ಯಹೂದಿ ಹುಡುಗಿ ಅದನ್ನು ಕೇಳಿದಳು. ಮೇ ತಿಂಗಳಲ್ಲಿ ತನ್ನ ಡೈರಿಯನ್ನು ಮೊದಲಿಂದ ಮತ್ತೆ ಬರೆಯಲು ಕೂತಳು. 200ಕ್ಕೂ ಜಾಸ್ತಿ ಬಿಡಿ ಹಾಳೆಗಳು. ಬೇಡದ್ದನ್ನು ಬಿಟ್ಟಳು, ಜೊತೆಗಿದ್ದವರ ಹೆಸರು ಬದಲಿಸಿದಳು, ಪುಸ್ತಕಕ್ಕೆ ಹೆಸರೂ ಇಟ್ಟಳು. ಆಗಸ್ಟ್ 4ಕ್ಕೆ ಪೊಲೀಸರು ಬಂದರು. ಆಗ ಅವಳಿಗೆ 15. ನಮ್ಮಲ್ಲಿ ದೊಡ್ಡ ದೊಡ್ಡ ಲೇಖಕರೇ ಪ್ರೂಫ್ ತೆರೆಯದೆ ವಾಪಸ್ ಕಳಿಸುತ್ತಾರೆ, ಬಿಡಿ.

ಕೊಳ್ಳುವಾಗ ಯಾವ ಆವೃತ್ತಿ ಅಂತ ನೋಡಿ. 1947ರ ಮೊದಲ ಪುಸ್ತಕದಲ್ಲಿ ತಂದೆ ಒಟ್ಟೊ ಕೆಲವು ಭಾಗ ಬಿಟ್ಟಿದ್ದರು. ಅಮ್ಮನ ಮೇಲಿನ ಸಿಟ್ಟು, ತನ್ನ ಮೈಯ ಬಗ್ಗೆ ಬರೆದದ್ದು. 1990ರ ದಶಕದ ಪೂರ್ಣ ಆವೃತ್ತಿಯಲ್ಲಿ ಅವೆಲ್ಲ ಇವೆ. ಫುಟ್‌ಪಾತಿನ ಪೈರೇಟೆಡ್ ಕಾಪಿ ಮಾತ್ರ ಬೇಡ. ಇರುವೆಯಂಥ ಅಕ್ಷರ.

ಅದೇ ಶೆಲ್ಫಿನ ಮೂಲೆಯಲ್ಲಿ ಎಲೆನ್ ಬೆರ್ ಡೈರಿ ಸಿಕ್ಕಿತು. ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದವಳು. 1942ರ ಏಪ್ರಿಲ್‌ನಲ್ಲಿ, ಕವಿ ವಾಲೆರಿ ಸಹಿ ಮಾಡಿಕೊಟ್ಟ ಪುಸ್ತಕ ಕೈಗೆ ಬಂದ ಖುಷಿಯಿಂದ ಡೈರಿ ಶುರು. ಎರಡೇ ತಿಂಗಳಿಗೆ ಎದೆಯ ಮೇಲೆ ಯಹೂದಿಗಳು ಹಾಕಿಕೊಳ್ಳಲೇಬೇಕಿದ್ದ ಹಳದಿ ನಕ್ಷತ್ರ. ಆದರೂ ಇಂಗ್ಲಿಷ್ ಕವಿ ಕೀಟ್ಸ್‌ನನ್ನು ಓದುವುದು ಬಿಡುವುದಿಲ್ಲ. 1944ರ ಫೆಬ್ರವರಿಯ ಕೊನೆಯ ಪುಟ ಮುಗಿಯುವುದು ‘ಮ್ಯಾಕ್‌ಬೆತ್’ ನಾಟಕದ ಮಾತಿನಿಂದ: ಹಾರರ್, ಹಾರರ್, ಹಾರರ್. ಆನ್, ಎಲೆನ್ ಇಬ್ಬರೂ 1945ರಲ್ಲಿ ನಾಜಿಗಳ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲೇ ಸತ್ತರು. ಎಲೆನ್ ಪುಸ್ತಕ ಹೊರಬಂದದ್ದು 2008ರಲ್ಲಿ. ಸುಮ್ನೆ ಅತ್ತು ಪಕ್ಕಕ್ಕಿಡುವ ಪುಸ್ತಕವಲ್ಲ, ಪೆನ್ಸಿಲ್ ಹಿಡಿದು ಓದಿ.

“ಇವನ್ನ ಸಾಹಿತ್ಯದ ಕಡೆ ಇಡಬಾರದಾ?” ಅಂತ ಕೌಂಟರಿನ ಹುಡುಗನನ್ನು ಕೇಳಿದೆ. “ಎಲ್ಲರೂ ಇಲ್ಲೇ ಹುಡುಕ್ತಾರೆ ಮೇಡಂ” ಅಂದ. ಅದೂ ನಿಜ, ಆದರೆ ಅಲ್ಲಿಟ್ಟರೆ ಅಲ್ಲೂ ಹುಡುಕುತ್ತಾರೆ, ಅಲ್ವಾ?

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಶನಿವಾರ ಸಂಜೆ ಕಾಲಿಡಲೂ ಜಾಗ ಇರುವುದಿಲ್ಲ, ವಾರದ ದಿನ ಹೋಗಿ. ಎಂ.ಜಿ. ರೋಡ್ ಮೆಟ್ರೋದಿಂದ ನಡೆದೇ ಹೋಗಬಹುದು.