ಅಮ್ಮನ ಪಿಂಚಣಿ ನಿಂತಿರಲಿಲ್ಲ, ಬೇರೆ ಖಾತೆಗೆ ಹೋಗುತ್ತಿತ್ತು: ಹೆಬ್ಬೆಟ್ಟು ಕೊಡುವ ಮುಂಚೆ ಇದನ್ನು ಓದಿ

ನಿಮ್ಮ ಮನೆಯಲ್ಲಿ ಯಾರಿಗಾದರೂ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ ಅಥವಾ ಗೃಹಲಕ್ಷ್ಮಿ ಹಣ ಬರುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಇದೆ. ನಮಗೆ ಏಳು ತಿಂಗಳು ಹಿಡಿದ ವಿಷಯ ಇದು, ನಿಮಗೆ ಹತ್ತು ನಿಮಿಷದಲ್ಲಿ ಗೊತ್ತಾಗಲಿ.

ನನ್ನ ಅಮ್ಮನಿಗೆ 71 ವರ್ಷ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಅಪ್ಪ ಹೋದ ಮೇಲೆ ಅಮ್ಮನಿಗೆ ಮೊದಲು ವಿಧವಾ ವೇತನ ಬರುತ್ತಿತ್ತು. ಆಗ ಮನಿ ಆರ್ಡರ್. ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಕೂತು ಎಣಿಸಿ ಕೊಡುತ್ತಿದ್ದರು. 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾಕ್ಕೆ ಬದಲಾಯಿತು. ಈಗ ತಿಂಗಳಿಗೆ 1,200 ರೂಪಾಯಿ, ನೇರ ಬ್ಯಾಂಕ್ ಖಾತೆಗೆ. ನಾನು ಕಳಿಸುವ ದುಡ್ಡು ಮನೆ ಖರ್ಚಿಗೆ. ಈ 1,200 ಮಾತ್ರ ಅಮ್ಮನ ಸ್ವಂತದ್ದು. ಬಿಪಿ ಮಾತ್ರೆ, ಎಲೆ ಅಡಿಕೆ, ಮೊಮ್ಮಕ್ಕಳು ಬಂದಾಗ ಕೈಗಿಡುವ ನೂರು ರೂಪಾಯಿ, ಎಲ್ಲ ಇದರಲ್ಲೇ.

ಹೋದ ವರ್ಷ ಯುಗಾದಿ ಆದ ವಾರ ನಮ್ಮೂರ ಅರಳಿಕಟ್ಟೆ ಹತ್ತಿರ ಇಬ್ಬರು ಹುಡುಗರು ಬಂದು ಕೂತರು. ಒಂದು ಛತ್ರಿ, ಒಂದು ಮೇಜು, ಒಂದು ಬೆರಳಚ್ಚಿನ ಯಂತ್ರ. ಹೊಸ ಖಾತೆ, ದುಡ್ಡು ಕಟ್ಟುವ ಹಾಗಿಲ್ಲ, ಎರಡು ಲಕ್ಷದ ವಿಮೆ ಇದೆ, ಆಧಾರ್ ಕಾರ್ಡ್ ತಂದು ಹೆಬ್ಬೆಟ್ಟು ಒತ್ತಿದರೆ ಸಾಕು ಎಂದರು. ಖಾತೆ ಮಾಡಿಸಿದವರಿಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಊರಿನ ಹೆಂಗಸರೆಲ್ಲ ಸಾಲಾಗಿ ನಿಂತರು. ಅಮ್ಮನೂ ನಿಂತರು.

ಅಮ್ಮನ ಬೆರಳು ಸವೆದಿದೆ. ಹೊಲದಲ್ಲಿ ದುಡಿದ ಕೈ, ಯಂತ್ರಕ್ಕೆ ಬೇಗ ಸಿಗುವುದಿಲ್ಲ. "ಸರ್ವರ್ ಇಲ್ಲ ಅಜ್ಜಿ, ಇನ್ನೊಂದು ಸಲ ಇಡಿ" ಎಂದು ನಾಲ್ಕೈದು ಸಲ ಇಡಿಸಿಕೊಂಡರಂತೆ. ಮೊಬೈಲ್ ನಂಬರ್ ಕೇಳಿದರು. ಅಮ್ಮನಿಗೆ ಬಾಯಿಗೆ ಬರಲಿಲ್ಲ. "ಪರವಾಗಿಲ್ಲ, ನಾವೇ ಹಾಕ್ಕೋತೀವಿ" ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆ ತಿಂಗಳಿಂದ ಅಮ್ಮನ ಹಳೆ ಪಾಸ್‌ಬುಕ್‌ನಲ್ಲಿ ಪಿಂಚಣಿ ಇಲ್ಲ.

ನನಗೆ ಇದು ಗೊತ್ತಾಗಿದ್ದು ಗೌರಿ ಹಬ್ಬಕ್ಕೆ ಊರಿಗೆ ಹೋದಾಗ. ಅದೂ ಅಮ್ಮ ಹೇಳಿದ್ದಲ್ಲ. ಮಾತ್ರೆ ಡಬ್ಬಿಯಲ್ಲಿ ಬಿಪಿ ಮಾತ್ರೆಗಳು ಅರ್ಧ ಅರ್ಧ ಮುರಿದು ಇಟ್ಟಿದ್ದವು. ಯಾಕಮ್ಮ ಎಂದು ಕೇಳಿದೆ. "ದಿನಾ ಅರ್ಧ ಸಾಕು ಅನ್ನಿಸ್ತು ಕಣೆ" ಎಂದರು. ಮತ್ತೆ ಮತ್ತೆ ಕೇಳಿದಾಗ ಗೊತ್ತಾಯಿತು, ಐದು ತಿಂಗಳಿಂದ ದುಡ್ಡು ಬಂದಿಲ್ಲ. ಯಾರೋ "ಸರ್ಕಾರ ಹೆಸರು ತೆಗೀತಿದೆ" ಎಂದಿದ್ದರಂತೆ. ತನ್ನ ಹೆಸರೂ ಹೋಯಿತು ಅಂತ ಅಮ್ಮ ಸುಮ್ನೆ ಇದ್ದುಬಿಟ್ಟಿದ್ದರು. ನನಗೆ ತೊಂದರೆ ಕೊಡಬಾರದು ಅಂತ. ಬೆಂಗಳೂರಲ್ಲಿ ಕೂತು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ ನಾನು ಒಂದು ಸಲವೂ "ಪಿಂಚಣಿ ಬಂತಾ" ಎಂದು ಕೇಳಿರಲಿಲ್ಲ. ಊರಲ್ಲಿ ಅಪ್ಪ ಅಮ್ಮ ಇರುವವರು ದಯವಿಟ್ಟು ಕೇಳಿ. ತಿಂಗಳಿಗೊಂದು ಸಲ ಕೇಳಿ.

ಮುಂದೆ ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇವನ್ನೇ ಮಾಡುತ್ತಾರೆ.

ಮೊದಲು ಬ್ಯಾಂಕಿಗೆ ಹೋದೆ. "ನಮಗೆ ಏನೂ ಬಂದಿಲ್ಲ, ತಾಲೂಕು ಕಚೇರಿಯಲ್ಲಿ ಕೇಳಿ" ಎಂದರು. ತಾಲೂಕು ಕಚೇರಿಗೆ ಹೋದೆ. ಕಂಪ್ಯೂಟರ್ ನೋಡಿ "ಪ್ರತಿ ತಿಂಗಳೂ ಹಣ ಹೋಗಿದೆ, ಸಕ್ಸೆಸ್ ಅಂತಿದೆ, ಬ್ಯಾಂಕಿನಲ್ಲಿ ಕೇಳಿ" ಎಂದರು. ಮತ್ತೆ ಬ್ಯಾಂಕು. ಮತ್ತೆ ಕಚೇರಿ. ರಜೆ ಹಾಕಿ ಹಾಕಿ ನಾಲ್ಕು ಸಲ ಓಡಾಡಿದೆ. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು. ನಾನು ಕೇಳಬೇಕಿದ್ದ ಒಂದೇ ಪ್ರಶ್ನೆ "ಯಾವ ಬ್ಯಾಂಕಿಗೆ ಹೋಗಿದೆ?" ಅದನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಚೇರಿ ಹೊರಗೆ ಒಬ್ಬ ಸಿಕ್ಕಿದ. 1,500 ಕೊಟ್ಟರೆ ಹೊಸದಾಗಿ ಅರ್ಜಿ ಹಾಕಿಸಿ ಒಂದೇ ತಿಂಗಳಲ್ಲಿ ಶುರು ಮಾಡಿಸುತ್ತೇನೆ ಎಂದ. ಸಾಕಾಗಿ ಹೋಗಿತ್ತು, ಕೊಟ್ಟೆ. ಆ ಅರ್ಜಿ ವಾಪಸ್ ಬಂತು, ಯಾಕೆಂದರೆ ಅಮ್ಮ ಆಗಲೇ ಫಲಾನುಭವಿ. ದುಡ್ಡು ಹೋಯಿತು. ಪಿಂಚಣಿ ಮಂಜೂರಾಗಿ ಬರುತ್ತಿದ್ದು ನಿಂತಿದ್ದರೆ ಹೊಸ ಅರ್ಜಿ ಪರಿಹಾರ ಅಲ್ಲ. ಅದು ಬೇಕು ಅಂತ ಯಾರು ಹೇಳಿದರೂ ನಂಬಬೇಡಿ. ಮತ್ತೆ ಹೊಸದಾಗಿ ಪಿಂಚಣಿ ಮಾಡಿಸುವವರಿಗೂ ಮಧ್ಯವರ್ತಿ ಬೇಕಾಗಿಲ್ಲ, ನಾಡಕಚೇರಿಯಲ್ಲಿ ನೀವೇ ಅರ್ಜಿ ಕೊಡಬಹುದು.

ಗಂಟು ಬಿಡಿಸಿದ್ದು ನಮ್ಮ ಹೋಬಳಿಯ ಸೇವಾ ಕೇಂದ್ರದಲ್ಲಿ ಕೂರುವ ಒಬ್ಬಳು ಹುಡುಗಿ. ಅವಳು ಹೇಳಿದ್ದು ಇಷ್ಟು. ಸರ್ಕಾರದ ಇಂಥ ಹಣ ಈಗ ಖಾತೆ ನಂಬರ್ ನೋಡಿ ಹೋಗುವುದಿಲ್ಲ, ಆಧಾರ್ ನಂಬರ್ ನೋಡಿ ಹೋಗುತ್ತದೆ. ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆಯ ಹತ್ತಿರ ಒಂದು ಪಟ್ಟಿ ಇದೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು. ನಿಮಗೆ ಮೂರು ಖಾತೆ ಇರಬಹುದು, ಆದರೆ ಕೊನೆಗೆ ಯಾವ ಬ್ಯಾಂಕು ನಿಮ್ಮ ಆಧಾರನ್ನು ಆ ಪಟ್ಟಿಗೆ ಸೇರಿಸಿತೋ ಹಣ ಅಲ್ಲಿಗೇ. ಹೊಸ ಖಾತೆ ತೆರೆಯುವಾಗ ಫಾರಂನಲ್ಲಿ ಒಂದು ಒಪ್ಪಿಗೆಯ ಗುರುತು ಇರುತ್ತದೆ, ಸರ್ಕಾರದ ಸೌಲಭ್ಯದ ಹಣ ಈ ಖಾತೆಗೇ ಬರಲಿ ಅಂತ. ಆ ಹುಡುಗರು ಅಮ್ಮನನ್ನು ಕೇಳದೆ ಅದಕ್ಕೆ ಒಪ್ಪಿಗೆ ಹಾಕಿದ್ದರು.

ಅದನ್ನು ಖಚಿತ ಮಾಡಿಕೊಳ್ಳುವುದೂ ಸುಲಭ ಆಗಲಿಲ್ಲ. ಮೈ ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬ ಜಾಗ ಇದೆ. ಆ ಪಟ್ಟಿಯಲ್ಲಿ ಸೇರಿರುವ ಬ್ಯಾಂಕಿನ ಹೆಸರು ಅಲ್ಲಿ ಕಾಣಿಸುತ್ತದೆ. ಆದರೆ ಒಳಗೆ ಹೋಗಲು ಆಧಾರ್‌ಗೆ ಸೇರಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಅಮ್ಮನ ಆಧಾರ್‌ನಲ್ಲಿದ್ದದ್ದು ಅಪ್ಪನ ನಂಬರ್. ಅಪ್ಪ ಹೋದ ಮೇಲೆ ಅದಕ್ಕೆ ರೀಚಾರ್ಜ್ ಮಾಡಿಸುವವರು ಯಾರು? ಆ ಸಿಮ್ ಯಾವಾಗಲೋ ಸತ್ತಿತ್ತು. ಅಮ್ಮನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಂಬರ್ ಬದಲಾಯಿಸಿ ಕಾಯಬೇಕಾಯಿತು. ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಾವಣೆಗೆ ಬೇರೆ ದಾಖಲೆ ಬೇಕಿಲ್ಲ, ಆದರೆ ಅಲ್ಲಿಗೆ ಅವರೇ ಬರಬೇಕು. ಇವತ್ತೇ ನಿಮ್ಮ ಮನೆಯ ಹಿರಿಯರ ಆಧಾರ್‌ನಲ್ಲಿ ಯಾವ ನಂಬರ್ ಇದೆ ನೋಡಿ. ಹೋದವರ ನಂಬರ್, ಕಳೆದುಹೋದ ಸಿಮ್, ಊರು ಬಿಟ್ಟ ಮಗನ ಹಳೆ ನಂಬರ್, ಇಂಥದ್ದು ಬಹಳ ಮನೆಗಳಲ್ಲಿದೆ.

ನಂಬರ್ ಬದಲಾದ ದಿನ ಸಂಜೆ ತೆರೆದು ನೋಡಿದೆವು. ನಾವು ಕೇಳಿಯೇ ಇರದ ಒಂದು ಬ್ಯಾಂಕಿನ ಹೆಸರು. ಪಕ್ಕದಲ್ಲಿ ದಿನಾಂಕ. ಯುಗಾದಿ ಆದ ವಾರದ್ದು.

ಆ ಬ್ಯಾಂಕಿಗೆ ನಮ್ಮ ತಾಲೂಕಿನಲ್ಲಿ ಶಾಖೆಯೇ ಇರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳ 8,400 ರೂಪಾಯಿ ಅಲ್ಲಿ ಜಮೆಯಾಗಿತ್ತು. ಉಳಿದಿದ್ದು 3,600. ಜೂನ್‌ನಲ್ಲಿ ಒಂದು ಸಲ 2,400, ಆಗಸ್ಟ್‌ನಲ್ಲಿ ಇನ್ನೊಂದು ಸಲ 2,400 ತೆಗೆದಿದ್ದರು. ಎರಡೂ ಸಲ ಬೆರಳಚ್ಚಿನಿಂದ. ಅಮ್ಮನಿಗೆ ಆ ದಿನಗಳು ನೆನಪಿದ್ದವು. ಅದೇ ಹುಡುಗರು "ಕಾರ್ಡ್ ಲಿಂಕ್ ಮಾಡ್ಬೇಕು ಅಜ್ಜಿ" ಎಂದು ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಖಾತೆಯಲ್ಲಿದ್ದ ಮೊಬೈಲ್ ನಂಬರ್ ಅಮ್ಮನದ್ದಲ್ಲ, ಹಾಗಾಗಿ ಒಂದು ಮೆಸೇಜೂ ಬಂದಿರಲಿಲ್ಲ.

ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಈ ಮೂರು ಇದ್ದರೆ ಸಣ್ಣ ಯಂತ್ರದಲ್ಲಿ ಹಣ ತೆಗೆಯಬಹುದು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕು ದೂರ ಇರುವ ಹಳ್ಳಿಗೆ ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಆದರೆ ಹೆಬ್ಬೆಟ್ಟು ಅಂದರೆ ಸಹಿ ಮಾಡಿದ ಖಾಲಿ ಚೆಕ್ ಇದ್ದ ಹಾಗೆ. ಒತ್ತಿದ ಪ್ರತಿ ಸಲವೂ ಯಂತ್ರದಿಂದ ಬಂದ ಚೀಟಿ ಕೇಳಿ ಇಸ್ಕೊಳ್ಳಿ. "ಸರ್ವರ್ ಇಲ್ಲ" ಎಂದರೂ ಚೀಟಿ ಕೇಳಿ. ಚೀಟಿ ಇಲ್ಲ ಎಂದರೆ ಎರಡನೇ ಸಲ ಒತ್ತಬೇಡಿ.

ಬೆರಳಚ್ಚನ್ನು ಲಾಕ್ ಮಾಡಿಬಿಡಿ ಅಂತ ಕೆಲವರು ಸಲಹೆ ಕೊಟ್ಟರು. ಆಧಾರ್ ಆಪ್‌ನಲ್ಲಿ ಆ ಸೌಲಭ್ಯ ಇದೆ, ಪಟ್ಟಣದಲ್ಲಿರುವವರು ಮಾಡಿಕೊಳ್ಳಿ, ಒಳ್ಳೆಯದು. ಆದರೆ ಲಾಕ್ ಆದರೆ ರೇಷನ್ ಅಂಗಡಿಯಲ್ಲೂ ಬೆರಳು ಕೆಲಸ ಮಾಡುವುದಿಲ್ಲ. ಬೇಕಾದಾಗ ತೆರೆದರೂ ಹತ್ತು ನಿಮಿಷಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ. ಒಬ್ಬರೇ ಇರುವ ಅಮ್ಮ ಅಕ್ಕಿ ತರಲು ಹೋದಾಗ ನಾನು ಬೆಂಗಳೂರಿನಿಂದ ಅದನ್ನು ತೆರೆಯುತ್ತಾ ಕೂರಬೇಕು. ಹಾಗಾಗಿ ನಾವು ಲಾಕ್ ಮಾಡಿಲ್ಲ.

ಈಗ ಸರಿಪಡಿಸುವ ಕಥೆ. ಇಲ್ಲೂ ಎಡವುವ ಜಾಗ ಒಂದಿದೆ. ಹಳೆ ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಎಂದೆ. "ಆಗಲೇ ಆಗಿದೆಯಲ್ಲಮ್ಮ" ಎಂದು ಕಳಿಸಿದರು. ಅವರು ಹೇಳಿದ್ದು ಕೆವೈಸಿಗೆ, ಅಂದರೆ ಗ್ರಾಹಕರ ಗುರುತು ಖಚಿತ ಮಾಡಿಕೊಳ್ಳಲು, ಖಾತೆಯಲ್ಲಿ ಆಧಾರ್ ನಂಬರ್ ಬರೆದುಕೊಂಡಿರುವ ವಿಷಯ. ನಮಗೆ ಬೇಕಿದ್ದದ್ದು ಎನ್‌ಪಿಸಿಐ ಪಟ್ಟಿಯಲ್ಲಿ ಸೇರಿಸುವುದು. ಎರಡೂ ಬೇರೆ ಬೇರೆ. ಕೌಂಟರ್‌ನಲ್ಲಿ "ಆಧಾರ್ ಲಿಂಕ್" ಎನ್ನಬೇಡಿ. "ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ, ಡಿಬಿಟಿ ಹಣ ಈ ಖಾತೆಗೆ ಬರಬೇಕು" ಎನ್ನಿ. ಡಿಬಿಟಿ ಅಂದರೆ ಸರ್ಕಾರ ನೇರ ಖಾತೆಗೆ ಹಾಕುವ ಹಣ. ಸೀಡಿಂಗ್‌ಗೆ ಬೇರೆ ಒಪ್ಪಿಗೆ ಪತ್ರ ಇರುತ್ತದೆ. ಈಗ ಯಾವ ಬ್ಯಾಂಕಿನಲ್ಲಿ ಸೇರಿದೆ ಎಂದೂ ಅದರಲ್ಲಿ ಬರೆಯಬೇಕು. ಕೊಟ್ಟ ಪತ್ರದ ಮೇಲೆ ಸೀಲ್ ಹಾಕಿಸಿ ಫೋಟೋ ತೆಗೆದುಕೊಳ್ಳಿ. ಕೆಲವು ದಿನ ಬಿಟ್ಟು ವೆಬ್‌ಸೈಟ್‌ನಲ್ಲಿ ನೀವೇ ನೋಡಿ. ಹಳೆ ಬ್ಯಾಂಕಿನ ಹೆಸರು ಬಂದಿದ್ದರೆ ಮಾತ್ರ ಕೆಲಸ ಆಗಿದೆ ಅಂತ ಅರ್ಥ. ಡಿಬಿಟಿ ಕರ್ನಾಟಕ ಎಂಬ ಆಪ್‌ನಲ್ಲೂ ಯಾವ ಹಣ ಯಾವ ತಿಂಗಳು ಹೋಯಿತು ಎಂದು ಕಾಣುತ್ತದೆ. ಅದನ್ನು ನನ್ನ ಫೋನಿನಲ್ಲಿ ಹಾಕಿಕೊಂಡಿದ್ದೇನೆ.

ಉಳಿದಿದ್ದ 3,600 ವಾಪಸ್ ಸಿಕ್ಕಿತು, ಆ ಖಾತೆಯನ್ನೂ ಮುಚ್ಚಿಸಿದೆವು. ಹೋದ 4,800ಕ್ಕೆ ಬ್ಯಾಂಕಿನವರು "ಗ್ರಾಹಕರೇ ಬೆರಳು ಕೊಟ್ಟಿದ್ದಾರೆ" ಎಂದು ಕೈ ತೊಳೆದುಕೊಂಡರು. ನಾನು ಬಿಡಲಿಲ್ಲ. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಫೀಸ್ ಇಲ್ಲ, 14448ಕ್ಕೆ ಫೋನ್ ಮಾಡಿದರೆ ವಿಧಾನ ಹೇಳುತ್ತಾರೆ. ಕೊಟ್ಟಿದ್ದೇನೆ, ತೀರ್ಮಾನ ಇನ್ನೂ ಬಂದಿಲ್ಲ. ಸೈಬರ್ ವಂಚನೆಯ ನಂಬರ್ 1930. ನಾವು ತಡವಾಗಿ ಮಾಡಿದೆವು. ಹಣ ಹೋದದ್ದು ಗೊತ್ತಾದ ದಿನವೇ ಮಾಡಿ, ಆಗ ತಡೆಹಿಡಿಯುವ ಅವಕಾಶ ಜಾಸ್ತಿ.

ಅಮ್ಮನ ಪಿಂಚಣಿ ಈಗ ಹಳೆ ಖಾತೆಗೇ ಬರುತ್ತಿದೆ. ಆದರೆ ಅವತ್ತು ಕಟ್ಟೆ ಹತ್ತಿರ ಸಾಲಿನಲ್ಲಿ ನಿಂತವರು ಅಮ್ಮ ಒಬ್ಬರೇ ಅಲ್ಲವಲ್ಲ. ಸಂಕ್ರಾಂತಿಗೆ ಹೋದಾಗ ನೆನಪಿದ್ದ ಹನ್ನೊಂದು ಜನರ ಮನೆಗೆ ಹೋದೆ. ಓಟಿಪಿ ಬಂದ ಏಳು ಜನರದ್ದು ನೋಡಿದೆವು. ನಾಲ್ವರದ್ದು ಅದೇ ಬ್ಯಾಂಕಿಗೆ ಸೇರಿತ್ತು. ಅದರಲ್ಲಿ ಒಬ್ಬರಿಗೆ ಗೃಹಲಕ್ಷ್ಮಿಯ 2,000 ತಿಂಗಳುಗಟ್ಟಲೆ ಅಲ್ಲಿಗೇ ಹೋಗುತ್ತಿತ್ತು. ಅವರೂ ನಮ್ಮ ಅಮ್ಮನ ಹಾಗೆ ಸರ್ಕಾರ ನಿಲ್ಲಿಸಿತು ಅಂದುಕೊಂಡು ಸುಮ್ಮನಿದ್ದರು. ಆ ನಾಲ್ವರ ಅರ್ಜಿ ಬ್ಯಾಂಕಿಗೆ ಕೊಟ್ಟು ಬಂದೆವು. ಉಳಿದ ನಾಲ್ಕು ಜನರ ಆಧಾರ್‌ನಲ್ಲಿ ಸತ್ತುಹೋದ ನಂಬರ್‌ಗಳೇ ಇವೆ. ಮುಂದಿನ ಸೋಮವಾರ ರಜೆ ಹಾಕಿದ್ದೇನೆ, ಆಟೋ ಮಾಡಿಕೊಂಡು ಅವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ.